ಡಯಲ್‌ನ ಮುಖ ಎಲ್ಲರೂ ತೋರಿಸುತ್ತಾರೆ, ಬೆನ್ನು ತೋರಿಸುವವರು ಯಾರು?

ಮೊದಲೇ ಹೇಳಿಬಿಡುತ್ತೇನೆ. ನಾನೇ ಒಂದು ವಾಚು ಜೋಡಿಸಿಕೊಳ್ಳಲು ಮೂರು ಕಡೆಯಿಂದ ತರಿಸಿದ ಡಯಲ್‌ಗಳಲ್ಲಿ ನನಗೆ ಸರಿಬಂದದ್ದು ಸಿಂಗಪುರದ್ದು ಒಂದೇ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋದದ್ದೂ ಅದಕ್ಕೇ. 3,100 ರೂಪಾಯಿ. ಹತ್ತು ರೂಪಾಯಿ ನಾಣ್ಯಕ್ಕಿಂತ ಒಂಚೂರು ದೊಡ್ಡದಾದ ಹಿತ್ತಾಳೆ ಬಿಲ್ಲೆಗೆ 3,100! ಮನೆಯಲ್ಲಿ ಕೇಳಿದಾಗ ‘ಸಾವಿರದ ಮೇಲೆ ಎಷ್ಟೋ ಆಯಿತು’ ಅಂದಿದ್ದೇನೆ, ಅದೇನೂ ಸುಳ್ಳಲ್ಲ. ಉಳಿದ ಎರಡು ಡಯಲ್ ಮೈಸೂರ್ ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿಯಲ್ಲಿ ಬಿದ್ದಿವೆ. ಅವುಗಳಲ್ಲಿ ಒಂದಕ್ಕೆ ಕಾಲಿಲ್ಲ. ಕಾಲು ಅಂದರೆ ಡಯಲ್‌ನ ಬೆನ್ನಿನಲ್ಲಿರುವ ಪುಟ್ಟ ಮೊಳೆಗಳು, ಮಷಿನ್‌ನ ತೂತಿಗೆ ಇಳಿದು ಡಯಲ್ಲನ್ನು ಹಿಡಿದು ನಿಲ್ಲಿಸುವಂಥವು. ಆ ಕಾಲಿನ ಕಥೆಯನ್ನೇ ಜಾಸ್ತಿ ಹೇಳಬೇಕಾಗಿದೆ.

ನನಗೆ ಬೇಕಿದ್ದದ್ದು ಹಳೇ ಕಾಲದ ನೋಟದ ವಾಚು. 36 ಮಿ.ಮೀ. ಕೇಸ್ (ಹೊರಗಿನ ಕವಚ), ಹೊಳಪಿಲ್ಲದ ಕಪ್ಪು ಡಯಲ್, 1ರಿಂದ 12ರವರೆಗೂ ಬಿಳಿ ಅಂಕಿ. ತಾರೀಖಿನ ಕಿಟಕಿ ಬೇಡ, ಯಾವ ಕಂಪನಿಯ ಹೆಸರೂ ಬೇಡ. ಎಚ್‌ಎಂಟಿ ಪೈಲಟ್ ನೋಡಿದವರಿಗೆ ಈ ಮುಖ ಗೊತ್ತೇ ಇರುತ್ತದೆ. ಹಾಗಾದರೆ ಪೈಲಟ್ಟನ್ನೇ ಕಟ್ಟಿಕೊಳ್ಳಬಹುದಿತ್ತಲ್ಲ ಅಂತ ಕೇಳಿದರೆ, ಕಟ್ಟಿಕೊಂಡು ನೋಡಿದ್ದೇನೆ. ನಾನು ದಿನಾ ಬೈಕಿನಲ್ಲಿ ಆಫೀಸಿಗೆ ಹೋಗುವವನು, ಬೆಂಗಳೂರಿನ ಸಂಜೆ ಮಳೆ ಹೇಳಿಕೇಳಿ ಬರುವುದಿಲ್ಲ, ಅಂಗಿ ತೋಳಿನ ಒಳಗೆ ನೀರು ಇಳಿದರೆ ಸಾಕು, ಹಳೇ ವಾಚಿನ ಗ್ಲಾಸಿನ ಒಳಗೆ ಮಂಜು ಕಟ್ಟಿ ಎರಡು ದಿನ ಅಕ್ಕಿ ಡಬ್ಬದಲ್ಲಿ ಮಲಗಿಸಬೇಕಾಗುತ್ತದೆ. ಅದಕ್ಕೇ ಹೊಸ ಕೇಸ್, ಹೊಸ ಮಷಿನ್, ನೋಟ ಮಾತ್ರ ಹಳೆಯದು ಅಂತ ಹೊರಟೆ.

ಮಷಿನ್ ಜಪಾನಿನ ವಾಚು ಕಂಪನಿ ಸೈಕೋ ಬಳಗದ ಎನ್‌ಎಚ್35. ಅದರ ಬಡಿತ ಎಷ್ಟು, ಜ್ಯುವೆಲ್ ಎಷ್ಟು ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಬಿಡಿ. ಒಂದು ವಿಷಯ ಮಾತ್ರ ಹೇಳಬೇಕು. ಈ ಮಷಿನ್‌ನಲ್ಲಿ ತಾರೀಖಿನ ಚಕ್ರ ಇದ್ದೇ ಇರುತ್ತದೆ. ಕಿಟಕಿ ಇಲ್ಲದ ಡಯಲ್ ಹಾಕಿದರೂ ಅದು ಕೆಳಗೆ ಕತ್ತಲಲ್ಲಿ ದಿನಾ ರಾತ್ರಿ ತಾರೀಖು ಬದಲಿಸುತ್ತಲೇ ಇರುತ್ತದೆ. ಕ್ರೌನ್, ಅಂದರೆ ವಾಚಿನ ಪಕ್ಕದಲ್ಲಿರುವ ತಿರುಪು, ಅರ್ಧ ಎಳೆದು ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಇದು ಕಿರಿಕಿರಿ ಅನ್ನುವವರು ತಾರೀಖೇ ಇಲ್ಲದ ಎನ್‌ಎಚ್38 ತೆಗೆದುಕೊಳ್ಳಿ. ನನಗೆ ಈ ಗುಟ್ಟಿನ ತಾರೀಖು ಒಂಥರಾ ಇಷ್ಟ.

ಸರಿ, ಡಯಲ್‌ಗೆ ಬರೋಣ. ಮೊದಲನೆಯದು ಮುಂಬೈ ಡಯಲ್. ಎರಡನೆಯದು ಆನ್‌ಲೈನ್‌ನಲ್ಲಿ ಸಿಗುವ ಚೀನಾ ಮಾಲು. ಮೂರನೆಯದು ಸಿಂಗಪುರದ ಒಂದು ಮಾಡ್ ಅಂಗಡಿಯದು, ಅಂದರೆ ಸೈಕೋ ವಾಚುಗಳನ್ನು ಬಿಚ್ಚಿ ತಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳುವವರಿಗಾಗಿಯೇ ಬಿಡಿಭಾಗ ಮಾರುವವರು. ಮೊದಲನೆಯದು ಕೂರುವುದು ಎಚ್‌ಎಂಟಿ ಮಷಿನ್‌ಗೆ, ಉಳಿದೆರಡು ಎನ್‌ಎಚ್35ಕ್ಕೆ. ಬಾಳೆಹಣ್ಣು ಹಲಸಿನಹಣ್ಣು ಒಂದೇ ತಕ್ಕಡಿಗೆ ಹಾಕಿದ ಹಾಗಾಯಿತು ಅನ್ನಬಹುದು. ಆದರೆ ದುಡ್ಡು ಹೋದದ್ದು ಒಂದೇ ಜೇಬಿನಿಂದ, ಹುಡುಕುತ್ತಿದ್ದದ್ದೂ ಒಂದೇ ಮುಖವನ್ನು.

ಮುಂಬೈ ಡಯಲ್ ಅಂದರೆ ಏನು ಅಂತ ಎಚ್‌ಎಂಟಿ ಹುಚ್ಚಿರುವವರಿಗೆ ಹೇಳಬೇಕಾಗಿಲ್ಲ. ಹಳೇ ಡಯಲ್ ತೆಗೆದು, ಬಣ್ಣ ಕೆರೆದು, ಮತ್ತೆ ಬಣ್ಣ ಬಳಿದು, ಮತ್ತೆ ಅಕ್ಷರ ಒತ್ತಿರುತ್ತಾರೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿತು. ವಾಚು ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಈ ನಡುವೆ ಜನತಾ, ಪೈಲಟ್, ಜವಾನ್, ಸೋನಾ ಅಂತ ಎಷ್ಟು ವಾಚು ಹೊರಬಂದವೋ! ಅವುಗಳ ಮಷಿನ್‌ಗಳು ಇವತ್ತಿಗೂ ಟಿಕ್ ಟಿಕ್ ಅನ್ನುತ್ತಿವೆ, ಡಯಲ್‌ಗಳು ಮಾತ್ರ ಬೆವರು, ನೀರು, ಬಿಸಿಲಿಗೆ ಸತ್ತಿವೆ. ಮಷಿನ್ ಗಟ್ಟಿ, ಮುಖ ಹಾಳು. ಆ ಸಂದಿಯಲ್ಲಿ ಹುಟ್ಟಿದ ವ್ಯಾಪಾರ ಇದು. ತಪ್ಪೇನಿಲ್ಲ, ಮತ್ತೆ ಬಣ್ಣ ಬಳಿದದ್ದು ಅಂತ ಹೇಳಿ ಮಾರಿದರೆ. ಎಷ್ಟೋ ಜನ ‘ಒರಿಜಿನಲ್’ ಅಂತ ಹೇಳಿ ಮಾರುತ್ತಾರೆ, ಜಗಳ ಇರುವುದು ಅಲ್ಲಿ. ಕಡುಗುಲಾಬಿ ಪೈಲಟ್, ಗಿಳಿಹಸಿರು ಪೈಲಟ್ ಎಲ್ಲ ನೋಡಿದ್ದೇನೆ. ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯವರು ಕನಸಿನಲ್ಲೂ ಅಂಥದ್ದು ಮಾಡಿರಲಿಕ್ಕಿಲ್ಲ.

ನನ್ನದು 350 ರೂಪಾಯಿಯ ಕಪ್ಪು ಪೈಲಟ್ ಡಯಲ್. ಮಾರಿದವರು ರೀಪ್ರಿಂಟ್ ಅಂತ ಹೇಳಿಯೇ ಕೊಟ್ಟರು. ಕೈಯಲ್ಲಿ ಹಿಡಿದು ನೋಡಿದರೆ ಚೆನ್ನಾಗೇ ಇತ್ತು. ಲೂಪ್, ಅಂದರೆ ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ, ಹಾಕಿ ನೋಡಿದೆ ನೋಡಿ, ಅಲ್ಲಿಗೆ ಸಂತೋಷ ಮುಗಿಯಿತು. ಡಯಲ್ ಮೇಲೆ ಅಕ್ಷರ ಹಾಕುವುದು ಪ್ಯಾಡ್ ಪ್ರಿಂಟಿಂಗ್‌ನಲ್ಲಿ. ಕೊರೆದ ತಟ್ಟೆಗೆ ಶಾಯಿ ಸವರಿ, ಮೇಲಿನದನ್ನು ಒರೆಸಿ, ಕೊರೆದ ಗೆರೆಯೊಳಗೆ ಉಳಿದ ಶಾಯಿಯನ್ನು ಮೆತ್ತಗಿನ ಸಿಲಿಕೋನ್ ಉಂಡೆಯಿಂದ ಎತ್ತಿ ಡಯಲ್ ಮೇಲೆ ಒತ್ತುತ್ತಾರೆ. ಕಪ್ಪಿನ ಮೇಲೆ ಬಿಳಿ ಒಂದೇ ಸಲಕ್ಕೆ ಗಟ್ಟಿಯಾಗಿ ಕೂರುವುದು ಕಷ್ಟ, ಇನ್ನೊಂದು ಸಲ ಒತ್ತಬೇಕಾಗುತ್ತದೆ. ಆಗ ಕೂದಲೆಳೆಯಷ್ಟು ಜರುಗಿದರೂ ಅಕ್ಷರಕ್ಕೆ ನೆರಳು ಬಂದುಬಿಡುತ್ತದೆ. ನನ್ನ ಡಯಲ್‌ನ ಪ್ರತಿ ಅಂಕಿಗೂ ಅಂಥ ನೆರಳಿತ್ತು. 8ರ ಎರಡು ಸೊನ್ನೆಗಳು ತುಂಬಿಕೊಂಡು ಎರಡು ಇಡ್ಲಿ ಒಂದರ ಮೇಲೊಂದು ಇಟ್ಟ ಹಾಗೆ ಕಾಣುತ್ತಿತ್ತು.

ಅದನ್ನಾದರೂ ಸಹಿಸಬಹುದು. ಲೂಪ್ ಹಾಕಿಕೊಂಡು ಯಾರೂ ಟೈಮ್ ನೋಡುವುದಿಲ್ಲವಲ್ಲ. ಆದರೆ ನಿಮಿಷದ ಗೆರೆಗಳ ಸುತ್ತು ಇತ್ತಲ್ಲ, ಅದು ನಡುವಿನ ತೂತಿಗೆ ಸರಿಯಾಗಿ ಕೂತಿರಲಿಲ್ಲ. 12ರ ಕಡೆ ಅಂಚಿಗೆ ಹತ್ತಿರ, 6ರ ಕಡೆ ದೂರ. ಇದರಿಂದ ಏನಾಗುತ್ತದೆ ಅಂದರೆ ಮುಳ್ಳು 12ರಲ್ಲಿ ಸರಿಯಾಗಿ ನಿಲ್ಲುತ್ತದೆ, 6ರಲ್ಲೂ ಸರಿ, 3ರ ಹತ್ತಿರ ಬಂದಾಗ ಗೆರೆಗಿಂತ ಮುಂದೆ, 9ರ ಹತ್ತಿರ ಗೆರೆಗಿಂತ ಹಿಂದೆ. ಕಾಲು ನಿಮಿಷದ ಮಾತು ಅಷ್ಟೇ. ಆದರೆ ಒಂದು ಸಲ ಕಣ್ಣಿಗೆ ಬಿದ್ದ ಮೇಲೆ ಬೇರೆ ಏನೂ ಕಾಣುವುದಿಲ್ಲ.

ತಮಾಷೆ ಏನು ಗೊತ್ತಾ? ಇದೇ ಡಯಲ್ ಮಷಿನ್ ಮೇಲೆ ಕೂತಷ್ಟು ಸಲೀಸಾಗಿ ಬೇರೆ ಯಾವುದೂ ಕೂರಲಿಲ್ಲ. ಹಳೇ ಜನತಾದಿಂದ ತೆಗೆದ 0231 ಮಷಿನ್ ಮೇಲೆ ಇಟ್ಟೆ, ಎರಡು ಕಾಲೂ ತೂತಿಗೆ ಇಳಿದವು, ಪಕ್ಕದ ಪುಟ್ಟ ಸ್ಕ್ರೂ ಬಿಗಿ ಮಾಡಿದೆ, ಮುಗಿಯಿತು. ಯಾಕೆಂದರೆ ಮೇಲಿನ ಬಣ್ಣ ಯಾರದ್ದಾದರೂ ಇರಲಿ, ಕೆಳಗಿನ ಬಿಲ್ಲೆ ಮತ್ತು ಕಾಲು ಕಾರ್ಖಾನೆಯದ್ದೇ. ಆಗ ನನಗೆ ಇದೊಂದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಡಯಲ್ ಅಂದ ಮೇಲೆ ಕೂರದೆ ಏನು ಮಾಡುತ್ತದೆ ಅಂದುಕೊಂಡಿದ್ದೆ.

ಹಾಗೆ ಅಂದುಕೊಂಡೇ ಎರಡನೆಯದನ್ನು ಕೊಂಡದ್ದು. 2020ರ ನವೆಂಬರ್‌ನಲ್ಲಿ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ನಮ್ಮ ದೇಶದಲ್ಲಿ ಬ್ಯಾನ್ ಆಯಿತು. ಅಲ್ಲಿಂದ ನೇರವಾಗಿ ತರಿಸಿಕೊಳ್ಳುತ್ತಿದ್ದ ದಾರಿ ಮುಚ್ಚಿತು. ಈಗ ಅಂಥ ಮಾಲನ್ನು ಇಲ್ಲಿನವರೇ ತರಿಸಿ, ಮೇಲೆ ತಮ್ಮ ಲಾಭ ಇಟ್ಟು ಮಾರುತ್ತಾರೆ. ನಾನು ಕೊಂಡದ್ದು ಅಂಥ ಒಬ್ಬ ಮಾರಾಟಗಾರನಿಂದ, 900 ರೂಪಾಯಿಗೆ. ‘28.5 ಮಿ.ಮೀ., ಎನ್‌ಎಚ್35ಕ್ಕೆ ಹೊಂದುತ್ತದೆ’ ಅಂತ ಬರೆದಿತ್ತು. ಫೋಟೋ ಆರು ಇದ್ದವು. ಆರೂ ಮುಖದ್ದೇ. ಒಂದು ಬೆಳಕಿನಲ್ಲಿ, ಒಂದು ಕತ್ತಲಲ್ಲಿ, ಒಂದು ವಾರೆಯಾಗಿ, ಒಂದು ಒಣ ಎಲೆಯ ಮೇಲೆ ಇಟ್ಟು.

ಮುಖ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲೇಬೇಕು. ದೋಸೆ ಕಾವಲಿಯಂಥ ಮಟ್ಟಸ ಕಪ್ಪು, ಅಂಕಿಗಳ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ, ನಿಮಿಷದ ಸುತ್ತು ತೂತಿಗೆ ಸರಿಯಾಗಿ. ಬರೀ ಮುಖ ನೋಡಿ ತೀರ್ಪು ಕೊಡುವುದಾದರೆ 3,100 ರೂಪಾಯಿಯದಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿಕೊಂಡು (ಸ್ಕ್ರೂ ಬಿದ್ದರೆ ಕಾಣಬೇಕಲ್ಲ) ಖುಷಿಯಿಂದ ಕೂತೆ.

ಡಯಲ್ ಮಷಿನ್ ಮೇಲೆ ಇಟ್ಟೆ. ಕಾಲು ತೂತಿಗೆ ಇಳಿದವು. ಕೇಸ್ ಒಳಗೆ ಹಾಕಿದೆ. ಕ್ರೌನ್ ಕಡ್ಡಿ ತೂರಿಸಿದೆ. ತಿರುಗಿಸಿ ನೋಡಿದರೆ 12 ಇರಬೇಕಾದ ಜಾಗದಲ್ಲಿ 12 ಇಲ್ಲ. ಇಡೀ ಡಯಲ್ ಎಡಕ್ಕೆ ವಾಲಿ, 12 ಹೋಗಿ 11ರ ಪಕ್ಕ ನಿಂತಿದೆ. ಜಾತ್ರೆಯಲ್ಲಿ ಕುಡಿದು ನಿಂತವರ ಹಾಗೆ. ನಾನೇ ಏನೋ ತಪ್ಪು ಮಾಡಿದೆ ಅಂತ ಬಿಚ್ಚಿದೆ, ಮತ್ತೆ ಹಾಕಿದೆ. ಮತ್ತೆ ಅದೇ. ಮೂರನೇ ಸಲ ಹಾಕುವ ಹೊತ್ತಿಗೆ ಒಳಗಿನಿಂದ ‘ಊಟಕ್ಕೆ ಮೇಜು ಖಾಲಿ ಆಗುತ್ತಾ ಇಲ್ವಾ?’ ಅಂತ ಕೇಳಿಸಿತು.

ಆಗಿದ್ದೇನು ಅಂದರೆ, ಸೈಕೋದ ಕೆಲವು ಡೈವರ್ (ನೀರಿನೊಳಗೆ ಮುಳುಗುವವರ) ವಾಚುಗಳಲ್ಲಿ, ಎಲ್ಲರಿಗೂ ಗೊತ್ತಿರುವ ಎಸ್‌ಕೆಎಕ್ಸ್007 ಥರದವುಗಳಲ್ಲಿ, ಕ್ರೌನ್ 3 ಗಂಟೆಯ ಜಾಗದಲ್ಲಿ ಇರುವುದಿಲ್ಲ. ಮುಂಗೈಗೆ ಚುಚ್ಚದಿರಲಿ ಅಂತ ಸ್ವಲ್ಪ ಕೆಳಗೆ, 4ರ ಹತ್ತಿರ ಇರುತ್ತದೆ. ಲೆಕ್ಕದಲ್ಲಿ ಅದನ್ನು 3.8 ಅನ್ನುತ್ತಾರೆ. ಕ್ರೌನ್ ಇಳಿದರೆ ಇಡೀ ಮಷಿನ್ ಅಷ್ಟು ತಿರುಗಿ ಕೂರುತ್ತದೆ, ಆಗ ಡಯಲ್‌ನ ಕಾಲುಗಳ ಜಾಗವೂ ಅಷ್ಟೇ ಜರುಗಬೇಕು. ಒಂದು ಗಂಟೆಗೆ 30 ಡಿಗ್ರಿ, 0.8ಕ್ಕೆ 24 ಡಿಗ್ರಿ. ನನ್ನ ಕೇಸ್‌ನಲ್ಲಿ ಕ್ರೌನ್ 3ರಲ್ಲಿದೆ, ನನಗೆ ಬಂದ ಡಯಲ್‌ಗೆ ಕಾಲು ಇದ್ದದ್ದು 3.8ಕ್ಕೆ. 24 ಡಿಗ್ರಿ ವಾರೆ. ಅಷ್ಟೇ ವಿಷಯ. ಆದರೆ ಅಷ್ಟನ್ನು ತಿಳಿಯಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು.

ಮಾರಿದವನಿಗೆ ಬರೆದೆ. ‘ಸಾರ್, ಎನ್‌ಎಚ್35ಕ್ಕೆ ಕೂರುತ್ತೆ ಅಂತ ಹಾಕಿದ್ದೇವೆ, ಕೂತಿದೆ ತಾನೇ?’ ಅಂತ ಉತ್ತರ ಬಂತು. ನ್ಯಾಯವಾಗಿ ನೋಡಿದರೆ ಅವನು ಹೇಳಿದ್ದು ನಿಜವೇ. ಕೂತಿದೆ. ವಾರೆಯಾಗಿ ಕೂತಿದೆ.

ಆಗಲೇ ವಾಪಸ್ ಕಳಿಸಿದ್ದರೆ ಅರ್ಧವಾದರೂ ದುಡ್ಡು ಬರುತ್ತಿತ್ತೋ ಏನೋ. ನನಗೆ ತಾಳ್ಮೆ ಇರಲಿಲ್ಲ. ನಮ್ಮ ಏರಿಯಾದ ರಿಪೇರಿ ಅಂಗಡಿ ಯಜಮಾನರ ಹತ್ತಿರ ತೆಗೆದುಕೊಂಡು ಹೋದೆ. ಅವರು ಡಯಲ್ ಕೈಗೆ ತೆಗೆದುಕೊಂಡವರೇ ಮುಖ ನೋಡಲೇ ಇಲ್ಲ, ಸೀದಾ ಮಗುಚಿ ಬೆನ್ನು ನೋಡಿದರು. ‘ಸಾರ್, ಎತ್ತು ಕೊಳ್ಳೋರು ಬಾಯಿ ತೆಗೆದು ಹಲ್ಲು ನೋಡ್ತಾರೆ. ನೀವು ಕೊಂಬಿನ ಬಣ್ಣ ನೋಡಿ ದುಡ್ಡು ಕೊಟ್ಟಿದ್ದೀರಿ’ ಅಂದರು. ಕ್ರೌನ್ 4ರ ಹತ್ತಿರ ಇರುವ ಕೇಸ್ ಕೊಂಡರೆ ಸರಿಹೋಗುತ್ತದೆ ಅಂತಲೂ ಹೇಳಿದರು. ಆ ಕೇಸ್‌ಗೆ ಡಯಲ್‌ನ ನಾಲ್ಕರಷ್ಟು ಬೆಲೆ. ಮೂಗಿಗಿಂತ ಮೂಗುತಿ ಭಾರ. ಅದೂ ಅಲ್ಲದೆ ಡೈವರ್ ಕೇಸ್‌ನಲ್ಲಿ ಪೈಲಟ್ ಮುಖ ನನಗೆ ಬೇಡವಾಗಿತ್ತು.

ಉಳಿದದ್ದು ಒಂದೇ ದಾರಿ. ಕಾಲು ಕತ್ತರಿಸಿ ಅಂಟಿಸುವುದು. ಇದಕ್ಕೆ ಡಯಲ್ ಡಾಟ್ ಅಂತ ಎರಡೂ ಕಡೆ ಅಂಟಿರುವ ಪುಟ್ಟ ಬೊಟ್ಟುಗಳು ಸಿಗುತ್ತವೆ, ಹಣೆಗೆ ಇಡುವ ಸ್ಟಿಕ್ಕರ್ ಬೊಟ್ಟಿನ ಮರಿಗಳ ಹಾಗೆ. ಕೇಳಲು ಸುಲಭ. ಕಾಲು ಕತ್ತರಿಸಿದ ಮೇಲೆ ಬುಡ ಉಳಿಯುತ್ತದೆ, ಅದನ್ನು ಅರದಿಂದ ಉಜ್ಜಬೇಕು. ನಾನು ಉಜ್ಜಿದ ನಡುಕಕ್ಕೆ 4ರ ಮೇಲಿದ್ದ ಲ್ಯೂಮ್, ಅಂದರೆ ಕತ್ತಲಲ್ಲಿ ಹೊಳೆಯುವ ಬಣ್ಣ, ಒಂದು ಚೂರು ಎದ್ದು ಬಂತು. ಆಮೇಲೆ ಬೊಟ್ಟುಗಳನ್ನು ಎಲ್ಲೆಂದರಲ್ಲಿ ಹಚ್ಚುವ ಹಾಗಿಲ್ಲ, ಕೆಳಗೆ ನಮ್ಮ ಗುಟ್ಟಿನ ತಾರೀಖಿನ ಚಕ್ರ ತಿರುಗುತ್ತಿದೆಯಲ್ಲ, ಅದಕ್ಕೆ ಅಂಟು ತಾಗಿದರೆ ಮಷಿನ್ನೇ ನಿಲ್ಲುತ್ತದೆ, ಹಾಗಾಗಿ ಸುತ್ತಲಿನ ಪ್ಲಾಸ್ಟಿಕ್ ರಿಂಗಿನ ಮೇಲೆ ಮಾತ್ರ ಹಚ್ಚಬೇಕು. ಬೊಟ್ಟಿನ ದಪ್ಪ ಕೂದಲಿನಷ್ಟೇ. ಆದರೆ ಗಂಟೆ ಮುಳ್ಳಿಗೂ ಡಯಲ್‌ಗೂ ನಡುವೆ ಇರುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಮುಳ್ಳು ಎರಡು ಸಲ ತೆಗೆದು ಹಾಕಿದ ಮೇಲೆ ತಾಗುವುದು ನಿಂತಿತು. ಇದಾದ ಮೇಲೆ 12ನ್ನು ನೇರ ಮಾಡುವುದು ಪೂರ್ತಿ ಕಣ್ಣಳತೆ. ಕಾಲು ಇದ್ದಾಗ ಅದು ತಾನಾಗಿ ಸಿಗುತ್ತಿದ್ದ ಸುಖ ಅಂತ ಆಗ ಗೊತ್ತಾಯಿತು.

ಮೂರು ತಿಂಗಳು ನಡೆಯಿತು. ಏಪ್ರಿಲ್‌ನಲ್ಲಿ ಊರಿಗೆ ಹೊರಟಾಗ ಕೈ ಬೆವರುತ್ತಿದೆ ಅಂತ ವಾಚು ಬಿಚ್ಚಿ ಕಾರಿನ ಮುಂದೆ ಗ್ಲಾಸಿನ ಕೆಳಗೆ ಇಟ್ಟೆ. ತಿಪಟೂರಿನಲ್ಲಿ ಕಾಫಿಗೆ ನಿಂತಾಗ ಕೈಗೆ ಕಟ್ಟಿಕೊಂಡು ನೋಡಿದರೆ ಡಯಲ್ ಒಂದೂವರೆ ನಿಮಿಷದಷ್ಟು ತಿರುಗಿದೆ. ಬಿಸಿಲಿಗೆ ಅಂಟು ಮೆತ್ತಗಾಗಿತ್ತು. ಮನೆಗೆ ಬಂದು ಬಿಚ್ಚಿ ಸೋಪಿನ ಡಬ್ಬಿಗೆ ಹಾಕಿದ್ದು ಮತ್ತೆ ಹೊರಗೆ ತೆಗೆದಿಲ್ಲ.

ಸಿಂಗಪುರದ್ದು ತರಿಸುವ ಮೊದಲು ಎರಡು ತಿಂಗಳು ಯೋಚನೆ ಮಾಡಿದೆ. ಕೊರಿಯರ್ ಖರ್ಚು, ಅದರ ಮೇಲೆ ಕಸ್ಟಮ್ಸ್ ಎಲ್ಲ ಸೇರಿದರೆ 5,000ದ ಹತ್ತಿರ ಬರುತ್ತಿತ್ತು, ಅಷ್ಟಕ್ಕೆ ನಾನು ತಯಾರಿರಲಿಲ್ಲ. ಅಕ್ಕನ ಮಗ ಅಲ್ಲೇ ಕೆಲಸದಲ್ಲಿದ್ದಾನೆ, ದೀಪಾವಳಿಗೆ ಬರುವವನಿದ್ದ. ಅವನ ವಿಳಾಸಕ್ಕೆ ಆರ್ಡರ್ ಮಾಡಿದೆ. ಅವನು ಡಬ್ಬಿ ಬಿಚ್ಚಿ ನೋಡಿ ‘ಮಾಮ, ವಾಚು ಎಲ್ಲಿ? ಬರೀ ಮುಚ್ಚಳ ಬಂದಿದೆ’ ಅಂತ ಮೆಸೇಜ್ ಹಾಕಿದ. ಸಿಂಗಪುರದಲ್ಲಿ ಅಳಿಯನೋ ಭಾವನೋ ಇಲ್ಲದವರಿಗೆ ನನ್ನ ಬೆಲೆಯ ಲೆಕ್ಕ ಅನ್ವಯಿಸುವುದಿಲ್ಲ, ಇದನ್ನು ಮರೆಯಬೇಡಿ.

ನಾನು ಈ ಅಂಗಡಿಯನ್ನು ಆರಿಸಿದ್ದಕ್ಕೆ ಕಾರಣ ಒಂದೇ ಒಂದು ಫೋಟೋ. ಡಯಲ್‌ನ ಬೆನ್ನಿನದ್ದು. ನಾಲ್ಕು ಕಾಲು ಕಾಣುತ್ತಿದ್ದವು. ಯಾವ ಎರಡು 3ರ ಕ್ರೌನ್‌ಗೆ, ಯಾವ ಎರಡು 3.8ಕ್ಕೆ ಅಂತ ಗುರುತು ಹಾಕಿದ್ದರು. ನಿಮಗೆ ಬೇಡದ ಜೋಡಿಯನ್ನು ನೀವೇ ಕತ್ತರಿಸಿಕೊಳ್ಳಬೇಕು. ಡಯಲ್ ದಪ್ಪ 0.4 ಮಿ.ಮೀ. ಅಂತಲೂ ಬರೆದಿದ್ದರು. ಇಷ್ಟೇ. ಇಷ್ಟು ಹೇಳಿದ್ದರೆ ಆ 900 ರೂಪಾಯಿಯ ಡಯಲ್ ನಾನು ಕೊಳ್ಳುತ್ತಿರಲಿಲ್ಲ, ಅಥವಾ ಸರಿಯಾದದ್ದನ್ನೇ ಕೇಳಿ ಕೊಳ್ಳುತ್ತಿದ್ದೆ.

ನಾಲ್ಕು ಕಾಲಿನಲ್ಲಿ ತಪ್ಪು ಜೋಡಿ ಕತ್ತರಿಸಿದರೆ ಮುಗಿಯಿತು, ಮತ್ತೆ ಅಂಟಿನ ಬೊಟ್ಟೇ ಗತಿ. ಆದ್ದರಿಂದ ನಾನು ಮೊದಲು ಕತ್ತರಿಸಲಿಲ್ಲ. ಡಯಲ್ಲನ್ನು ಮಷಿನ್ ಮೇಲೆ ಹಿಡಿದು, ಕ್ರೌನ್ ಕಡ್ಡಿಯನ್ನು 3ಕ್ಕೆ ನೇರ ಮಾಡಿ, ಯಾವ ಕಾಲು ತೂತಿನ ಮೇಲೆ ಬರುತ್ತದೆ ಅಂತ ನೋಡಿ, ಬೇಡದ ಎರಡಕ್ಕೆ ಕೆಂಪು ಮಾರ್ಕರ್ ಹಚ್ಚಿ, ಒಂದು ಲೋಟ ಕಾಫಿ ಕುಡಿದು ಬಂದು ಮತ್ತೆ ನೋಡಿ ಆಮೇಲೆ ಕತ್ತರಿಸಿದೆ. ಈ ಸಲ ಅರ ಮುಟ್ಟಲಿಲ್ಲ. ಚಪ್ಪಟೆ ಬಾಯಿಯ ಕಟ್ಟರ್‌ನಲ್ಲಿ ಬುಡಕ್ಕೆ ತಾಗಿಸಿ ಕತ್ತರಿಸಿದರೆ ಉಳಿಯುವ ಮೊಳೆ ರಿಂಗಿಗೆ ಅಡ್ಡ ಬರಲಿಲ್ಲ. ಎನ್‌ಎಚ್35ದಲ್ಲಿ ಎಚ್‌ಎಂಟಿ ಹಾಗೆ ಸ್ಕ್ರೂ ಇಲ್ಲ, ಕಾಲು ಪ್ಲಾಸ್ಟಿಕ್ ರಿಂಗಿನ ತೂತಿನಲ್ಲಿ ಬಿಗಿಯಾಗಿ ಕೂರಬೇಕು. ಮೆಲ್ಲಗೆ ಒತ್ತಿದಾಗ ‘ಟಪ್’ ಅಂತ ಒಂದು ಸಣ್ಣ ಸದ್ದು ಬಂತು. 12 ಮೇಲೆ. ಸರಿಯಾಗಿ ಮೇಲೆ.

ಇದರಲ್ಲಿ ದೋಷ ಇಲ್ಲ ಅಂತಲ್ಲ. 7ರ ಪಕ್ಕ ಬಣ್ಣದ ಒಳಗೇ ಒಂದು ಧೂಳಿನ ಕಣ ಸಿಕ್ಕಿಕೊಂಡಿದೆ. ಇನ್ನೊಂದು, ಲ್ಯೂಮ್‌ನ ಬಣ್ಣ. ಹಳೇ ವಾಚಿನ ಹಾಗೆ ಕಾಣಲಿ ಅಂತ ಈಗ ಲ್ಯೂಮನ್ನು ಬೇಕಂತಲೇ ಕಂದು ಮಾಡಿ ಮಾರುತ್ತಾರೆ. ಡಯಲ್ ಅಲ್ಲಿಂದ ತರಿಸಿದೆ, ಮುಳ್ಳು ನನ್ನ ಹತ್ತಿರ ಮೊದಲೇ ಇತ್ತು. ಎರಡರ ಮೇಲೂ ಒಂದೇ ಬಣ್ಣದ ಹೆಸರು. ಬಣ್ಣ ಮಾತ್ರ ಬೇರೆ. ಡಯಲ್‌ನದ್ದು ಹಾಲು ಜಾಸ್ತಿ ಹಾಕಿದ ಕಾಫಿ, ಮುಳ್ಳಿನದ್ದು ಹಳೇ ಬೆಲ್ಲ. ಡಯಲ್ ಮತ್ತು ಮುಳ್ಳು ಒಂದೇ ಕಡೆಯಿಂದ ತೆಗೆದುಕೊಳ್ಳಿ. ನಾನು 700 ರೂಪಾಯಿ ಉಳಿಸಲು ಹೋಗಿ ಈಗ ದಿನಾ ನೋಡುತ್ತಿದ್ದೇನೆ.

ಲ್ಯೂಮ್ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ನಿಜವಾದ ಹಳೇ ಮಿಲಿಟರಿ ಡಯಲ್ ಸಿಕ್ಕಿತು ಅಂತ ಯಾರಾದರೂ ಕೊಟ್ಟರೆ ಅದರ ಲ್ಯೂಮ್ ಕೆರೆಯಲು ಹೋಗಬೇಡಿ. ಆ ಕಾಲದಲ್ಲಿ ರೇಡಿಯಂ ಬಳಿಯುತ್ತಿದ್ದರು. ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಜೊತೆಗಿದ್ದ ಹೊಳೆಯುವ ಪುಡಿ (ಸತುವಿನ ಸಲ್ಫೈಡ್) ಸತ್ತು ಹೊಳಪು ಹೋಗಿರುತ್ತದೆ, ರೇಡಿಯಂ ಹೋಗಿರುವುದಿಲ್ಲ. ಪುಡಿ ಎದ್ದು ಮೂಗಿಗೆ ಹೋದರೆ ಕೆಟ್ಟದ್ದು. ಅಂಥ ನೋಟ ಬೇಕಿದ್ದರೆ ಹೊಸ ಕಂದು ಲ್ಯೂಮೇ ಸಾಕು, ಬೆಲ್ಲದ ಬಣ್ಣ ಆದರೂ ಪರವಾಗಿಲ್ಲ.

ದೊಡ್ಡ ಕಂಪನಿಗಳ ಹೆಸರು ಒತ್ತಿದ ಡಯಲ್‌ಗಳೂ ಸಿಗುತ್ತವೆ, ಅದೂ ಅಗ್ಗಕ್ಕೆ. ನಾನು ಕೊಳ್ಳುವುದಿಲ್ಲ. ನಾನು ಜೋಡಿಸಿದ ವಾಚಿನ ಮೇಲೆ ಇನ್ನೊಬ್ಬರ ಹೆಸರು ಯಾಕೆ?

ನಾಲ್ಕನೇ ದಾರಿಯೂ ಒಂದಿದೆ. ರಿಪೇರಿ ಅಂಗಡಿಗಳ ತಗಡಿನ ಡಬ್ಬ. ನಮ್ಮ ಯಜಮಾನರ ಹತ್ತಿರ ಹಾರ್ಲಿಕ್ಸ್ ಡಬ್ಬದ ತುಂಬ ಬಿಡಿ ಡಯಲ್ ಇವೆ, ಎಚ್‌ಎಂಟಿ, ಸಿಟಿಜನ್, ಹೆಸರೇ ಅಳಿಸಿಹೋದವು. 150, 200ಕ್ಕೆ ಕೊಡುತ್ತಾರೆ. ಒಂದು ಕೆನೆ ಬಣ್ಣದ ಜನತಾ ಡಯಲ್ ತೆಗೆದುಕೊಂಡೆ, ಅಂಚಿನಲ್ಲಿ ಚುಕ್ಕೆ ಚುಕ್ಕೆ ಬಂದಿದೆ, ಆದರೆ ಅಕ್ಷರ ಎಷ್ಟು ತೆಳ್ಳಗೆ, ಎಷ್ಟು ಚೊಕ್ಕ ಅಂದರೆ ಮುಂಬೈ ಡಯಲ್ ಪಕ್ಕ ಇಟ್ಟಾಗ ಮಾತೇ ಬೇಕಾಗಲಿಲ್ಲ. ಅದನ್ನೇ ಈಗ 0231ಕ್ಕೆ ಹಾಕಿದ್ದೇನೆ. ಎಚ್‌ಎಂಟಿ ಮಷಿನ್ ಇರುವವರು ಬೇರೆ ಎಲ್ಲೂ ಹುಡುಕುವ ಮೊದಲು ಅವೆನ್ಯೂ ರಸ್ತೆ ಕಡೆ, ನಿಮ್ಮೂರಿನ ಹಳೇ ರಿಪೇರಿ ಅಂಗಡಿ ಕಡೆ ಒಂದು ಸುತ್ತು ಹಾಕಿ. ಆದರೆ ಎನ್‌ಎಚ್35ಕ್ಕೆ ಆ ಡಬ್ಬದಲ್ಲಿ ಏನೂ ಇಲ್ಲ. ಕಾಲಿನ ಜಾಗ ಬೇರೆ, ಅಳತೆ ಬೇರೆ.

ಹಾಗಾದರೆ 3,100 ಕೊಡಬೇಕಾ? ನಾನು ವರ್ಷಕ್ಕೆ ಎರಡು ವಾಚು ಜೋಡಿಸುತ್ತೇನೆ, ಮಾರುವುದಿಲ್ಲ. ಎರಡು ಡಯಲ್‌ಗೆ ಆರು ಸಾವಿರ ನನಗೆ ಹೊರೆ ಅನ್ನಿಸಿದರೂ ನಡೆಯುತ್ತದೆ. ಇನ್ನೂ ಒಂದು, ನಾನು ಬೇರೆಯವರ ಮನೆಯ ಗೋಡೆಯ ಕ್ಯಾಲೆಂಡರ್ ವಾರೆಯಾಗಿದ್ದರೂ ಎದ್ದು ಹೋಗಿ ನೇರ ಮಾಡುವ ಜಾತಿ. ಒಂದೂವರೆ ನಿಮಿಷ ತಿರುಗಿದ ಡಯಲ್ ಕೈಗೆ ಕಟ್ಟಿಕೊಂಡು ನನ್ನಿಂದ ಮೀಟಿಂಗ್‌ನಲ್ಲಿ ಕೂರಲು ಆಗುವುದಿಲ್ಲ. ರಾತ್ರಿ ಹೊಳೆಯುತ್ತದೋ ಇಲ್ಲವೋ ನನಗೆ ಬೇಕಾಗಿಲ್ಲ, ಹತ್ತು ಗಂಟೆಗೆ ಮಲಗಿರುತ್ತೇನೆ. ನಿಮಗೆ ರಾತ್ರಿ ಪಾಳಿ ಇದ್ದರೆ ಬೆಲೆ ನೋಡುವ ಮೊದಲು ಲ್ಯೂಮ್ ನೋಡಬೇಕಾಗುತ್ತದೆ.

ಮೊದಲ ಸಲ ಜೋಡಿಸುವವರು, ಮುಳ್ಳು ಹಾಕುವಾಗ ಕೈ ನಡುಗುವವರು, ಅಗ್ಗದ್ದೇ ತೆಗೆದುಕೊಳ್ಳಿ. ಹೇಗೂ ಒಂದು ಗೀರು ಬಿದ್ದೇ ಬೀಳುತ್ತದೆ, ಅದು 900 ರೂಪಾಯಿಯದರ ಮೇಲೆ ಬೀಳಲಿ. ಮುಖ ಅದರಲ್ಲೂ ಚೆನ್ನಾಗಿಯೇ ಇರುತ್ತದೆ. ನಾಲ್ಕು ಕಾಲು ಇದೆಯಾ, ಅಥವಾ ಎರಡೇ ಇದ್ದರೆ ಯಾವ ಕ್ರೌನ್‌ಗೆ, ಅದನ್ನು ಮಾತ್ರ ದುಡ್ಡು ಕೊಡುವ ಮೊದಲು ಕೇಳಿ, ಬರಹದಲ್ಲಿ ಉತ್ತರ ಇಟ್ಟುಕೊಳ್ಳಿ. ಎರಡು ಕಾಲು ಸರಿಯಾಗಿದ್ದರೆ ಅದೇ ಡಯಲ್ ನನ್ನ ಕೈಯಲ್ಲೂ ಇರುತ್ತಿತ್ತು, ಈ ಬರಹ ಬೇರೆಯೇ ಆಗಿರುತ್ತಿತ್ತು.

ಮುಂದಿನದು ಕೆನೆ ಬಣ್ಣದ ಡಯಲ್ ಹಾಕಬೇಕು ಅಂತ ಇದೆ, ಕೆಳಗೆ ಸೆಕೆಂಡಿಗೆ ಬೇರೆ ಪುಟ್ಟ ಸುತ್ತು ಇರುವಂಥದ್ದು. ಅದಕ್ಕೆ ಮಷಿನ್ನೇ ಬೇರೆ, ಕಾಲಿನ ಲೆಕ್ಕವೂ ಬೇರೆ. ಹೋದ ವಾರ ಇಲ್ಲಿನ ಒಬ್ಬ ಮಾರಾಟಗಾರನಿಗೆ ‘ಹಿಂದುಗಡೆಯ ಫೋಟೋ ಕಳಿಸಿ’ ಅಂತ ಕೇಳಿದೆ. ಕಳಿಸಿದ. ಡಬ್ಬಿಯ ಹಿಂದುಗಡೆಯದು.